ಕ್ಯಾನ್ವಾಸ್ ಚಿತ್ರವನ್ನು ಕಟ್ಟಿಗೆಯ ಚೌಕಟ್ಟಿಗೆ ಎಳೆದು ಕೂಡಿಸುವುದು



ಮದುವೆ ಫೋಟೋ, ಮನೆದೇವರ ಚಿತ್ರ, ತೀರಿಕೊಂಡ ಹಿರಿಯರ ಭಾವಚಿತ್ರ, ಇವನ್ನು ಗಾಜು ಹಾಕಿ ಕಟ್ಟಿಸಿ ಪಡಸಾಲಿ ಗೋಡೆಗೆ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಈಗ ಪ್ಯಾಟಿಯ ಸ್ಟುಡಿಯೋಗಳಲ್ಲಿ ಅದೇ ಫೋಟೋವನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಪ್ರಿಂಟ್ ಮಾಡಿ ಕೊಡುತ್ತಾರೆ. ಗಾಜು ಇಲ್ಲ, ಒಡೆಯುವ ಭಯ ಇಲ್ಲ, ಭಾರವೂ ಕಡಿಮೆ. ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿನ ಮೇಲೆ ಎಳೆದು, ಹಿಂದಿನಿಂದ ಪಿನ್ ಹೊಡೆದು ನೇರವಾಗಿ ಗೋಡೆಗೆ ತೂಗುಹಾಕಬಹುದು.

ಪ್ರಿಂಟ್ ಮಾಡುವುದು ಮಷಿನ್ ಕೆಲಸ. ಎಳೆದು ಕೂಡಿಸುವುದು ಮಾತ್ರ ಕೈಕೆಲಸ. ಕೌದಿ ಹೊಲಿದ ಕೈಗೆ, ಕಸೂತಿ ಹಾಕಿದ ಕೈಗೆ ಇದು ಕಷ್ಟದ ವಿದ್ಯೆ ಅಲ್ಲ. ಮನೆಯಲ್ಲೇ ಕುಳಿತು ಮಾಡಬಹುದು, ದೊಡ್ಡ ಬಂಡವಾಳವೂ ಬೇಡ. ಆದರೆ ಒಂದು ಮಾತು ಮೊದಲೇ ಹೇಳಬೇಕು. ಇದರಲ್ಲಿ ಕೂಲಿ ಸಣ್ಣದು, ಕೈಯಲ್ಲಿರುವ ಮಾಲು ದೊಡ್ಡದು. ಒಂದು ಪ್ರಿಂಟ್ ಹರಿದರೆ ಅಥವಾ ವಾರೆಯಾದರೆ ನಾಲ್ಕು ಚಿತ್ರದ ಕೂಲಿ ಹೋಗುತ್ತದೆ. ಆದ್ದರಿಂದ ಈ ಪಾಠವನ್ನು ಸಾವಕಾಶವಾಗಿ ಓದ್ರಿ. ಓದಲು ಬಾರದ ಸದಸ್ಯೆಯರಿಗೆ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಹೇಳ್ರಿ.

ಬಟ್ಟೆಯನ್ನು ಯಾಕೆ ಎಳೆಯಬೇಕು?

ಎಣ್ಣೆಬಣ್ಣದ ಚಿತ್ರಗಾರರು ನೂರಾರು ವರ್ಷಗಳಿಂದ ಬಟ್ಟೆಯನ್ನು ಕಟ್ಟಿಗೆ ಚೌಕಟ್ಟಿಗೆ ಬಿಗಿದೇ ಚಿತ್ರ ಬರೆಯುತ್ತಾ ಬಂದಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ನೋಡಿದವರಿಗೆ ಅವು ಗೊತ್ತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿ ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿದ. ಅಂಥ ಅಚ್ಚಿನ ಚಿತ್ರಗಳು ಎಣ್ಣೆಬಣ್ಣದ ಚಿತ್ರದ ಹಾಗೇ ಕಾಣಲಿ ಎಂದು ಮೇಲೆ ವಾರ್ನಿಶ್ ಹಚ್ಚುತ್ತಿದ್ದರು, ಕೆಲವಕ್ಕೆ ಬಟ್ಟೆಯ ನೇಯ್ಗೆಯಂಥ ಗೆರೆಯನ್ನೂ ಒತ್ತುತ್ತಿದ್ದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಆ ಚಿತ್ರಗಳ ಸೀರೆಗೆ ಜರಿ, ಚಮಕಿ ಹಚ್ಚಿ ಚಂದ ಮಾಡಿದ್ದಾರೆ. ಅಂದು ಕಾಗದವು ಬಟ್ಟೆಯ ವೇಷ ಹಾಕಿತ್ತು. ಇಂದು ಫೋಟೋವೇ ಬಟ್ಟೆಯ ಮೇಲೆ ಬಂದಿದೆ.

ಬಟ್ಟೆಯನ್ನು ಸುಮ್ಮನೆ ತೂಗುಹಾಕಿದರೆ ಜೋತು ಬೀಳುತ್ತದೆ, ನೆರಿಗೆ ಬರುತ್ತದೆ. ಹಲಗೆಗೆ ಅಂಟು ಹಚ್ಚಿ ಕೂಡಿಸಿದರೆ ಗುಳ್ಳೆ ಏಳಬಹುದು, ಮುಂದೆ ಬಿಚ್ಚಲೂ ಬರುವುದಿಲ್ಲ. ಚೌಕಟ್ಟಿಗೆ ಎಳೆದು ಪಿನ್ ಹೊಡೆದರೆ ಮುಖ ಸಪಾಟಾಗಿ ನಿಲ್ಲುತ್ತದೆ. ಹತ್ತು ವರ್ಷದ ಮೇಲೆ ಸಡಿಲಾದರೂ ಪಿನ್ ತೆಗೆದು ಮತ್ತೆ ಎಳೆಯಬಹುದು.

ಚೌಕಟ್ಟು ನೆಟ್ಟಗಿದ್ದರೆ ಅರ್ಧ ಕೆಲಸ ಮುಗಿದಂತೆ

ಹೊಸದಾಗಿ ಕಲಿಯುವವರು ಬಟ್ಟೆ ಎಳೆಯುವುದೇ ದೊಡ್ಡ ಕೆಲಸ ಎಂದು ತಿಳಿಯುತ್ತಾರೆ. ಅದಲ್ಲ. ಚೌಕಟ್ಟು ವಾರೆ ಇದ್ದರೆ ಎಷ್ಟು ಜಾಣತನದಿಂದ ಎಳೆದರೂ ಚಿತ್ರ ವಾರೆಯೇ. ನಮ್ಮ ದುಮ್ಮವಾಡದ ಹತ್ತಿರದ ನೀರಸಾಗರ ಕೆರೆಯ ಫೋಟೋ ಪ್ರಿಂಟ್ ಮಾಡಿಸಿದ್ದೀರಿ ಅಂತ ಇಟ್ಟುಕೊಳ್ಳಿ. ನೀರಿನ ಗೆರೆ ಒಂದು ಬದಿಗೆ ಕಾಲು ಇಂಚು ಇಳಿದರೂ ನೋಡಿದವರೆಲ್ಲ "ಕೆರಿ ಚೆಲ್ಲಾಕತ್ತೈತಲ್ಲ" ಅಂತಾರೆ.

ಮೂಲೆ ಸರಿ ಇದೆಯೋ ಇಲ್ಲವೋ ನೋಡಲು ಬಡಿಗೇರ ಮೂಲೆಮಟ್ಟ ಇಲ್ಲದಿದ್ದರೂ ನಡೆಯುತ್ತದೆ, ಟೇಪು ಸಾಕು. ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಅಳೆಯಿರಿ. ಆಮೇಲೆ ಉಳಿದ ಎರಡು ಮೂಲೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ನೆಟ್ಟಗಿದೆ. 12 ಇಂಚು ಅಗಲ, 18 ಇಂಚು ಉದ್ದದ ಚೌಕಟ್ಟಾದರೆ ಎರಡೂ ಕಡೆ 21 ಇಂಚಿನ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು ಬರಬೇಕು. ಮನೆ ಪಾಯಾ ಹಾಕುವಾಗ ಗೌಂಡಿಯವರು 3 ಅಡಿ, 4 ಅಡಿ, 5 ಅಡಿ ಅಳೆದು ಮೂಲೆ ಹಿಡಿಯುವುದನ್ನು ನೀವು ನೋಡಿರಬಹುದು. ಇದೂ ಅದೇ ಜಾತಿಯ ಲೆಕ್ಕ. ಎರಡು ಅಳತೆಗಳ ನಡುವೆ ಒಂದು ನೂಲಿಗಿಂತ, ಅಂದರೆ ಇಂಚಿನ ಎಂಟನೇ ಒಂದು ಭಾಗಕ್ಕಿಂತ, ಹೆಚ್ಚು ಫರಕು ಇದ್ದರೆ ಚೌಕಟ್ಟನ್ನು ಬಡಿಗೇರಿಗೆ ವಾಪಸು ಕೊಡ್ರಿ. ಸಂಕೋಚ ಬ್ಯಾಡ. ಆಮೇಲೆ ಚೌಕಟ್ಟನ್ನು ಸಪಾಟು ನೆಲದ ಮೇಲೆ ಇಟ್ಟು ಮೂಲೆ ಒತ್ತಿ ನೋಡಿ. ಕಾಲು ಗಿಡ್ಡ ಇರುವ ಮಣೆಯ ಹಾಗೆ ಅಲುಗಾಡಿದರೆ ಕಟ್ಟಿಗೆ ತಿರುಚಿದೆ ಎಂದು ಅರ್ಥ.

ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಹಸಿ ಕಟ್ಟಿಗೆ ಒಣಗುತ್ತಾ ಕುಗ್ಗುತ್ತದೆ, ಬಾಗುತ್ತದೆ. ಮಳೆಗಾಲದಲ್ಲಿ ಕಲಘಟಗಿ ಸೀಮೆಯಲ್ಲಿ ಮಾಡಿದ ಚೌಕಟ್ಟು ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿಯ ಒಣ ಬಿಸಿಲಿನ ಮನೆಗೆ ಹೋದಾಗ ಅದರ ಗುಣ ತಿಳಿಯುತ್ತದೆ. ಸಾಗವಾನಿ ಒಳ್ಳೆಯದು, ಆದರೆ ತುಟ್ಟಿ. ಒಣಗಿದ ಪೈನ್ ಪಟ್ಟಿ ಹಗುರ, ಪಿನ್ ಸಹ ಸಲೀಸಾಗಿ ಇಳಿಯುತ್ತದೆ. ನೀಲಗಿರಿ ತಿರುಚುವ ಜಾತಿ, ಬ್ಯಾಡ. ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಕಟ್ಟಿಗೆಯ ಗುಣ ಬಲ್ಲ ಬಡಿಗೇರು ಅಲ್ಲಿದ್ದಾರೆ, ಕೇಳಿ ತಿಳಿದುಕೊಳ್ಳಿ.

ಬಡಿಗೇರಿಗೆ ಇನ್ನೊಂದು ಮಾತು ಹೇಳಬೇಕು. ಪಟ್ಟಿಯ ಬಟ್ಟೆ ತಾಗುವ ಮುಖ ಹೊರ ಅಂಚಿನಲ್ಲಿ ಎತ್ತರ, ಒಳಗಡೆ ತಗ್ಗು ಇರುವಂತೆ ರಂದಾ ಹೊಡೆಸಿ. ಮುಖ ಸಪಾಟಾಗಿದ್ದರೆ ಒಳ ಅಂಚು ಬಟ್ಟೆಗೆ ತಾಗಿ, ಕೆಲವು ತಿಂಗಳಲ್ಲಿ ಚಿತ್ರದ ಮೇಲೆ ಸುತ್ತಲೂ ಚೌಕಟ್ಟಿನ ಗೆರೆ ಎದ್ದು ಕಾಣುತ್ತದೆ. ಹೊರ ಅಂಚು ಸಹ ಚೂಪಾಗಿರಬಾರದು. ಪಾಲಿಶ್ ಪೇಪರಿನಿಂದ ತುಸು ತಿಕ್ಕಿ ದುಂಡಗೆ ಮಾಡಿ, ಇಲ್ಲದಿದ್ದರೆ ಮಡಿಕೆಯಲ್ಲಿ ಬಣ್ಣ ಸೀಳುತ್ತದೆ. ಎರಡು ಅಡಿಗಿಂತ ಉದ್ದದ ಚೌಕಟ್ಟಿಗೆ ನಡುವೆ ಒಂದು ಅಡ್ಡಪಟ್ಟಿ ಬೇಕು. ಇಲ್ಲದಿದ್ದರೆ ಬಟ್ಟೆಯ ಎಳೆತಕ್ಕೆ ಉದ್ದನೆಯ ಪಟ್ಟಿಗಳು ಒಳಗೆ ಬಾಗುತ್ತವೆ.

ಪ್ರಿಂಟ್ ಮಾಡಿಸುವ ಮುಂಚೆ

ಚಿತ್ರದ ಸುತ್ತ ಮಡಿಚಲು ಹೆಚ್ಚಿನ ಬಟ್ಟೆ ಬಿಡಿಸಬೇಕು. ಪಟ್ಟಿಯ ದಪ್ಪ ಒಂದೂಕಾಲು ಇಂಚು, ಹಿಂದೆ ಪಿನ್ ಹೊಡೆಯಲು ಒಂದು ಇಂಚು ಎಂದರೆ ಒಂದೊಂದು ಬದಿಗೆ ಎರಡೂಕಾಲು ಇಂಚು ಆಯಿತು. 12 × 18ರ ಚಿತ್ರಕ್ಕೆ ಒಟ್ಟು ಬಟ್ಟೆ 16½ × 22½ ಇಂಚು ಬೇಕು. ಇದನ್ನು ಹೇಳದೆ ಬಂದರೆ ಸ್ಟುಡಿಯೋದವರು 12 × 18ಕ್ಕೇ ಕತ್ತರಿಸಿ ಕೊಡುತ್ತಾರೆ. ಆಮೇಲೆ ಮದುವೆ ಫೋಟೋ ಮಡಿಚಿದಾಗ ಮದುಮಗಳ ಬಾಸಿಂಗ ಚೌಕಟ್ಟಿನ ಹಿಂದೆ ಹೋಗುತ್ತದೆ! ಮಡಿಚುವ ಬದಿಗೆ ಬಿಳಿ ಅಥವಾ ಕಪ್ಪು ಅಂಚು ಬೇಕೋ, ಚಿತ್ರವೇ ಮುಂದುವರಿದು ಬದಿಗೆ ತಿರುಗಬೇಕೋ ಎಂಬುದನ್ನೂ ಗಿರಾಕಿಯನ್ನು ಕೇಳಿಯೇ ಹೇಳಿ. ಮುಖಗಳು ಅಂಚಿಗೆ ಸಮೀಪ ಇದ್ದರೆ ಬಿಳಿ ಅಂಚೇ ಲೇಸು.

ವಾಟ್ಸಾಪಿನಲ್ಲಿ ನಾಲ್ಕು ಮಂದಿ ಕೈ ದಾಟಿ ಬಂದ ಫೋಟೋ ಮೊಬೈಲಿನಲ್ಲಿ ಚಂದ ಕಂಡರೂ ದೊಡ್ಡದು ಮಾಡಿದಾಗ ಮಬ್ಬಾಗುತ್ತದೆ. ತೆಗೆದವರ ಹತ್ತಿರದಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕ್ಯಾನ್ವಾಸ್ ಎಂದು ಹೇಳಿ ಪ್ಲಾಸ್ಟಿಕ್ ಹಾಳೆ ಕೊಡುವುದೂ ಉಂಟು. ಹಿಂಬದಿ ನೋಡಿ. ಹಾಸು-ಹೊಕ್ಕು ಎಳೆ ಕಾಣಬೇಕು. ಅಂಚಿನ ಒಂದು ಎಳೆ ತೆಗೆದು ಸುಟ್ಟರೆ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಆದರೆ ಕರಗಿ ಗುಂಡಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಕ್ಯಾನ್ವಾಸಿನಲ್ಲಿ ಎರಡೂ ಗುಣ ಕಾಣುತ್ತದೆ. ಅದು ಮೋಸವಲ್ಲ, ಎಳೆಯಲಿಕ್ಕೂ ಚೆನ್ನಾಗಿರುತ್ತದೆ.

ಪ್ರಿಂಟ್ ಆದ ದಿನವೇ ಎಳೆಯಬೇಡಿ. ಒಂದು ಹಗಲು ಒಂದು ರಾತ್ರಿ ಬಣ್ಣ ಆರಲಿ. ಸುತ್ತಿ ತರುವಾಗ ಚಿತ್ರ ಹೊರಮುಖ ಇರುವಂತೆ, ದಪ್ಪ ಕೊಳವೆಗೆ ಸುತ್ತಿ. ಮಡಿಚಿ ಚೀಲದಲ್ಲಿ ಹಾಕಿದರೆ ಆ ಗೆರೆ ಹೋಗುವುದಿಲ್ಲ.

ಎಳೆಯುವ ಕ್ರಮ

ಬೇಕಾದ ಸಾಮಾನು: ಸ್ಟೇಪಲ್ ಗನ್ ಮತ್ತು 6 ಅಥವಾ 8 ಮಿಲಿಮೀಟರ್ ಕಾಲಿನ ಪಿನ್, ಟೇಪು, ಪೆನ್ಸಿಲ್, ಕತ್ತರಿ, ತಪ್ಪು ಪಿನ್ ಕೀಳಲು ಚಪ್ಪಟೆ ಸ್ಕ್ರೂಡ್ರೈವರ್. ಸಂಘಕ್ಕೆ ಒಂದು ಗನ್ ಇದ್ದರೆ ಸಾಕು, ಸರದಿ ಪ್ರಕಾರ ಬಳಸಬಹುದು. ಕಬ್ಬಿಣದ ಸಣ್ಣ ಮೊಳೆಯಿಂದಲೂ ಕೆಲಸ ನಡೆಯುತ್ತದೆ, ಆದರೆ ನಮ್ಮ ಮಳೆಗಾಲದ ತಂಪಿಗೆ ಅದು ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿಡುತ್ತದೆ.

ಕೈ ತೊಳೆದು ಒರೆಸಿಕೊಂಡು ಕುಳಿತುಕೊಳ್ಳಿ. ಅರಿಷಿಣ, ಎಣ್ಣೆ ಇದ್ದ ಬೆರಳು ಚಿತ್ರಕ್ಕೆ ತಾಗಬಾರದು. ಗಾಜಿನ ಬಳೆ, ಉಂಗುರ ಪ್ರಿಂಟಿನ ಮೇಲೆ ಗೀರು ಹಾಕುತ್ತವೆ. ಬಳೆ ತೆಗೆಯಲು ಮನಸ್ಸಿಲ್ಲದವರು ಮೇಲಕ್ಕೆ ಸರಿಸಿ ಒಂದು ಅರಿವೆ ಪಟ್ಟಿ ಸುತ್ತಿಕೊಳ್ಳಿ, ಅಷ್ಟೇ ಸಾಕು.

ನೆಲಕ್ಕೆ ಸ್ವಚ್ಛ ಹತ್ತಿಬಟ್ಟೆ ಹಾಸಿ, ಚಿತ್ರವನ್ನು ಬೋರಲು ಹಾಕಿ. ಅದರ ಮೇಲೆ ಚೌಕಟ್ಟು ಇಡಿ, ಅಂಚು ಎತ್ತರ ಇರುವ ಮುಖ ಕೆಳಗೆ ಬರಲಿ. ನಾಲ್ಕೂ ಬದಿಗೆ ಬಟ್ಟೆ ಸಮ ಉಳಿದಿದೆಯೇ ಅಳೆಯಿರಿ. ಹಿಂಬದಿ ಚಿತ್ರ ಕಾಣುವುದಿಲ್ಲವಾದ್ದರಿಂದ ಮೊದಲೇ ಬೆಳಕಿಗೆ ಹಿಡಿದು ಚಿತ್ರದ ನಾಲ್ಕು ಮೂಲೆಗಳಿಗೆ ಹಿಂದಿನಿಂದ ಪೆನ್ಸಿಲ್ ಗುರುತು ಹಾಕಿಕೊಂಡಿದ್ದರೆ ಚೌಕಟ್ಟು ಅಲ್ಲಿಗೆ ಸರಿಯಾಗಿ ಕೂಡುತ್ತದೆ.

ಈಗ ಮುಖ್ಯ ಕೆಲಸ. ಜೋಳದ ರೊಟ್ಟಿ ಬಡಿಯುವಾಗ ಏನು ಮಾಡುತ್ತೇವೆ? ನಡುವಿನಿಂದ ಅಂಚಿಗೆ, ತಿರುಗಿಸುತ್ತಾ ತಿರುಗಿಸುತ್ತಾ ಬಡಿಯುತ್ತೇವೆ. ಒಂದೇ ಬದಿಗೆ ಬಡಿದರೆ ಅಂಚು ಹರಿಯುತ್ತದೆ. ಕ್ಯಾನ್ವಾಸೂ ಹಾಗೇ. ಮೊದಲ ಪಿನ್ ಉದ್ದ ಬದಿಯ ನಟ್ಟನಡುವೆ. ಎರಡನೆಯದು ಎದುರು ಬದಿಯ ನಡುವೆ, ಬಟ್ಟೆಯನ್ನು ಬಿಗಿಯಾಗಿ ಎಳೆದು. ಮೂರು, ನಾಲ್ಕನೆಯದು ಗಿಡ್ಡ ಬದಿಗಳ ನಡುವೆ. ಹೀಗೆ ನಾಲ್ಕು ಪಿನ್ ಬಿದ್ದ ಮೇಲೆ ಚೌಕಟ್ಟು ಎತ್ತಿ ಮುಂದಿನಿಂದ ನೋಡಿ. ಶಂಕರಪಾಳಿ ಆಕಾರದಲ್ಲಿ ಒಂದು ನೆರಿಗೆ ಕಾಣುತ್ತದೆ. ಹೆದರಬೇಡಿ, ಅದು ಬರಬೇಕಾದದ್ದೇ. ನೀರಿನ ಗೆರೆ, ಬಾಗಿಲ ಚೌಕಟ್ಟು, ಕಂಬ, ಹೀಗೆ ಚಿತ್ರದೊಳಗೆ ನೆಟ್ಟಗಿರಬೇಕಾದ ಯಾವುದಾದರೂ ಒಂದನ್ನು ನೋಡಿ ವಾರೆ ಇದೆಯೋ ಈಗಲೇ ತಿದ್ದಿಕೊಳ್ಳಿ. ನಾಲ್ಕು ಪಿನ್ ಕೀಳುವುದು ಸುಲಭ, ನಲವತ್ತು ಕೀಳುವುದು ಸುಲಭವಲ್ಲ. ಕಿತ್ತ ಪ್ರತಿ ಪಿನ್ನೂ ಬಟ್ಟೆಯಲ್ಲಿ ತೂತು ಬಿಡುತ್ತದೆ.

ನಂತರ ನಡುವಿನ ಪಿನ್ನಿನ ಎಡಕ್ಕೊಂದು ಬಲಕ್ಕೊಂದು, ಕೂಡಲೇ ಎದುರು ಬದಿಯಲ್ಲೂ ಅಷ್ಟೇ, ಆಮೇಲೆ ಉಳಿದ ಎರಡು ಬದಿ. ಪಿನ್ನಿನಿಂದ ಪಿನ್ನಿಗೆ ಒಂದೂವರೆ ಇಂಚು ಅಂತರ ಇರಲಿ. ಒಂದು ಬದಿ ಪೂರಾ ಮುಗಿಸಿ ಇನ್ನೊಂದು ಬದಿಗೆ ಹೋಗಬಾರದು, ಎಲ್ಲ ಬದಿಯೂ ಕೂಡಿಯೇ ಮೂಲೆಯ ಕಡೆಗೆ ಸಾಗಬೇಕು. ಮೂಲೆಗೆ ಎರಡು ಇಂಚು ಇರುವಾಗ ನಿಲ್ಲಿಸಿ. ಪಿನ್ನನ್ನು ಪಟ್ಟಿಯ ಉದ್ದಕ್ಕೆ ನೆಟ್ಟಗೆ ಹೊಡೆಯದೆ ತುಸು ವಾರೆ ಹೊಡೆಯಿರಿ. ಆಗ ಕಟ್ಟಿಗೆ ಸೀಳುವುದಿಲ್ಲ, ಹಿಡಿತವೂ ಹೆಚ್ಚು.

ಎಷ್ಟು ಬಿಗಿ ಬೇಕು? ಚಿತ್ರಗಾರರು ಬಣ್ಣ ಹಚ್ಚುವ ಮುಂಚಿನ ಬರೀ ಬಟ್ಟೆಯನ್ನು ಹಲಗಿಯ ಹಾಗೆ ಢಣ್ ಅನ್ನುವಷ್ಟು ಬಿಗಿಯುತ್ತಾರೆ. ಪ್ರಿಂಟ್ ಆದ ಬಟ್ಟೆಗೆ ಅಷ್ಟು ಬೇಡ. ಅತಿಯಾಗಿ ಎಳೆದರೆ ಅಂಚಿನಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ಬೆರಳಿಂದ ಹಿಂದೆ ಮೆಲ್ಲಗೆ ಒತ್ತಿ ಬಿಟ್ಟಾಗ ತಟ್ಟನೆ ಮೊದಲಿನಂತೆ ನಿಂತರೆ ಸಾಕು.

ಮೂಲೆ ಮಡಿಚುವುದರಲ್ಲೇ ಕೆಲಸಗಾರ್ತಿಯ ಕೈ ಗೊತ್ತಾಗುತ್ತದೆ. ಮೊದಲು ಬಟ್ಟೆಯ ತುದಿಯನ್ನು ಚೌಕಟ್ಟಿನ ಮೂಲೆಯ ಮೇಲಿಂದ ಒಳಕ್ಕೆ ಎಳೆದು ಒಂದು ಪಿನ್ ಹೊಡೆಯಿರಿ. ಈಗ ಎರಡು ಕಡೆ ಕಿವಿಯ ಹಾಗೆ ಬಟ್ಟೆ ಉಳಿಯುತ್ತದೆ. ಉಡುಗೊರೆ ಡಬ್ಬಿಗೆ ಕಾಗದ ಸುತ್ತುವಂತೆ ಒಂದನ್ನು ಒಳಗೆ ಸೇರಿಸಿ, ಇನ್ನೊಂದನ್ನು ಅದರ ಮೇಲೆ ನೆಟ್ಟಗೆ ಮಡಿಚಿ ಪಿನ್ ಹೊಡೆಯಿರಿ. ಮಡಿಕೆಯ ಗೆರೆ ಚಿತ್ರದ ಮೇಲ್ಬದಿ ಮತ್ತು ಕೆಳಬದಿಗೆ ಬರಬೇಕು, ಎಡಬಲಕ್ಕೆ ಬರಬಾರದು, ಯಾಕೆಂದರೆ ಗೋಡೆಗೆ ಹಾಕಿದ ಮೇಲೆ ಕಣ್ಣಿಗೆ ಬೀಳುವುದು ಎಡಬಲ ಬದಿಗಳೇ. ಮೂಲೆ ದಪ್ಪ ಆಯಿತು ಎಂದು ಬಟ್ಟೆ ಕತ್ತರಿಸಬೇಡಿ. ಮುಂದೆ ಮತ್ತೆ ಎಳೆಯಬೇಕಾದರೆ ಹಿಡಿಯಲು ಅದೇ ಬೇಕು.

ಕೆಲವು ಚೌಕಟ್ಟುಗಳಿಗೆ ಒಳಮೂಲೆಯಲ್ಲಿ ಸಣ್ಣ ಬೆಣೆ ಹೊಡೆಯಲು ಸೀಳು ಇಟ್ಟಿರುತ್ತಾರೆ. ಕೊಡಲಿ ಕಾವಿಗೆ ಹೊಡೆಯುವ ಬೆಣೆ ಇದ್ದಂತೆ. ಬಟ್ಟೆ ಸಡಿಲಾದಾಗ ನಾಲ್ಕೂ ಬೆಣೆಗಳನ್ನು ತುಸು ತುಸು ತಟ್ಟಿದರೆ ಮೂಲೆ ಅಗಲಿ ಬಟ್ಟೆ ಬಿಗಿಯಾಗುತ್ತದೆ. ಹಿಂದಿನಿಂದ ನೀರು ಚಿಮುಕಿಸಿದರೆ ಬಿಗಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಪ್ರಿಂಟಿಗೆ ಅದನ್ನು ಮಾಡಬೇಡಿ. ಕೆಲವು ಶಾಯಿಗಳು ನೀರಿಗೆ ಹರಡುತ್ತವೆ.

ಕಸೂತಿಗೆ ಪಿನ್ ಬೇಡ

ನಮ್ಮ ಧಾರವಾಡ ಕಸೂತಿಯನ್ನೂ ಹೀಗೇ ಚೌಕಟ್ಟಿಗೆ ಕೂಡಿಸಿ ಮಾರಬಹುದು. ಆದರೆ ಕ್ರಮ ಬೇರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಯಾವ ಹೊಲಿಗೆಯೇ ಆಗಲಿ, ಎಳೆ ಎಣಿಸಿ ಹಾಕಿದ್ದು. ಬಟ್ಟೆ ಒಂದು ಬದಿಗೆ ಜಗ್ಗಿದರೆ ಗೋಪುರ ವಾಲುತ್ತದೆ, ತೇರು ಸೊಟ್ಟಗಾಗುತ್ತದೆ. ಪಿನ್ ಹೊಡೆದರೆ ಎಳೆ ಕತ್ತರಿಸುತ್ತದೆ. ಆದ್ದರಿಂದ ಮೊದಲು ಒಗೆದು ಒಣಗಿಸಿದ ದಪ್ಪ ಖಾದಿಯನ್ನು ಮೇಲೆ ಹೇಳಿದಂತೆ ಚೌಕಟ್ಟಿಗೆ ಎಳೆಯಿರಿ. ಒಗೆಯದ ಬಟ್ಟೆ ಆಮೇಲೆ ಕುಗ್ಗುತ್ತದೆ. ಅದರ ಮೇಲೆ ಕಸೂತಿ ಬಟ್ಟೆ ಹಾಸಿ, ಅಂಚನ್ನು ಬದಿಗೆ ಮಡಿಚಿ, ಸೂಜಿ-ದಾರದಿಂದ ಖಾದಿಗೆ ಹೊಲಿಯಿರಿ. ಇಲ್ಲೂ ನಡುವಿನಿಂದಲೇ ಶುರು. ಬಟ್ಟೆಯ ಒಂದು ಎಳೆಯನ್ನು ಕಣ್ಣಲ್ಲಿ ಹಿಡಿದು ಅದು ಪಟ್ಟಿಗೆ ಸಮನಾಗಿ ಹೋಗುತ್ತಿದೆಯೇ ನೋಡುತ್ತಾ ಹೋಗಿ.

ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆ-ಮುಂದೆ ಒಂದೇ ರೀತಿ ಕಾಣುತ್ತವೆ. ಬಲ್ಲವರು ಹಿಂಬದಿ ತಿರುಗಿಸಿ ನೋಡಿಯೇ ಕೊಳ್ಳುತ್ತಾರೆ. ಚೌಕಟ್ಟಿಗೆ ಹಾಕಿದ ಮೇಲೆ ಹಿಂಬದಿ ಮುಚ್ಚಿಹೋಗುತ್ತದೆ. ಅದಕ್ಕೆ ಮುಂಚೆಯೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ, ಗಿರಾಕಿಗೆ ತೋರಿಸಲು ಬರುತ್ತದೆ.

ಕೂಲಿ ಮತ್ತು ನಷ್ಟದ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲಿ ಎಂದು ಹಿಡಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪ್ರಿಂಟಿಗೆ 320 ರೂಪಾಯಿ, ಚೌಕಟ್ಟಿಗೆ 130, ಪಿನ್, ದಾರ, ಕೊಂಡಿ, ಕಾಗದಕ್ಕೆ 30, ಬಸ್ಸಿಗೆ 20. ಒಟ್ಟು 500 ರೂಪಾಯಿ. ನಿಮ್ಮ ಕೂಲಿ 80 ಎಂದರೆ 580 ಆಯಿತು. ಇಪ್ಪತ್ತರಲ್ಲಿ ಒಂದು ಕೆಡುತ್ತದೆ ಎಂದು ಹಿಡಿದರೆ ಆ 500 ರೂಪಾಯಿ ಇಪ್ಪತ್ತು ಚಿತ್ರಗಳ ಮೇಲೆ 25ರಂತೆ ಬೀಳುತ್ತದೆ. ಅಂದರೆ 605ಕ್ಕಿಂತ ಕಡಿಮೆಗೆ ಕೊಟ್ಟರೆ ಕೈಯಿಂದ ಹಾಕಿದಂತೆ. ಬಹಳ ಮಂದಿ ಈ 25 ರೂಪಾಯಿಯನ್ನೂ, ತಮ್ಮ ಕೂಲಿಯನ್ನೂ ಬಿಟ್ಟು 550ಕ್ಕೆ ಕೊಟ್ಟು "50 ಉಳೀತು" ಅಂತಾರೆ.

ಸ್ಟುಡಿಯೋದವರೇ ಪ್ರಿಂಟ್, ಚೌಕಟ್ಟು ಕೊಟ್ಟು ಬರೀ ಕೂಲಿಗೆ ಕೆಲಸ ಕೊಟ್ಟರೆ ಇನ್ನೂ ಹುಷಾರಿಬೇಕು. 80 ರೂಪಾಯಿ ಕೂಲಿಯ ಕೆಲಸದಲ್ಲಿ 320 ರೂಪಾಯಿಯ ಪ್ರಿಂಟ್ ಕೆಟ್ಟರೆ ಅದನ್ನು ಯಾರು ಕೊಡಬೇಕು? ಕೆಲಸ ಹಿಡಿಯುವ ಮುಂಚೆಯೇ ಮಾತಾಡಿ ಬರೆದುಕೊಳ್ಳಿ. ಪ್ರಿಂಟ್ ತೆಗೆದುಕೊಳ್ಳುವಾಗ ಅವರ ಎದುರಿಗೇ ಬಿಚ್ಚಿ ಗೀರು, ಕಲೆ, ಅಳತೆ ನೋಡಿ. ಮನೆಗೆ ತಂದ ಮೇಲೆ ಹೇಳಿದರೆ ಕೇಳುವವರಿಲ್ಲ. ಸಂಘದೊಳಗೂ ಒಂದು ಠರಾವು ಬೇಕು. ಕಲಿಯುವ ಹಂತದಲ್ಲಿ ಕೆಟ್ಟ ಪ್ರಿಂಟಿನ ಹಣವನ್ನು ಆ ಒಬ್ಬ ಸದಸ್ಯೆಯ ಕೂಲಿಯಲ್ಲಿ ಮುರಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ಬಡವಿ ಮೊದಲು ಬಿಟ್ಟುಹೋಗುತ್ತಾಳೆ. ಪ್ರತಿ ಚಿತ್ರಕ್ಕೆ ಐದೋ ಹತ್ತೋ ರೂಪಾಯಿ ಸಂಘದಲ್ಲಿ ತೆಗೆದಿಟ್ಟು ಅದರಿಂದ ತುಂಬಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ತೂಗುಹಾಕುವುದು, ಸಾಗಿಸುವುದು

ಹಿಂದೆ ಎರಡು ಬದಿಗೆ ಕೊಂಡಿ ಹಾಕಿ ದಾರ ಕಟ್ಟಿ. ಕೆಳಗಿನ ಎರಡು ಮೂಲೆಗೆ ಹಳೇ ಹವಾಯಿ ಚಪ್ಪಲಿಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುವುದಿಲ್ಲ. ದೀಪ, ಊದುಬತ್ತಿಯ ಹೊಗೆ ತಾಗುವಲ್ಲಿ, ನೇರ ಬಿಸಿಲು ಬೀಳುವಲ್ಲಿ ಹಾಕಬಾರದೆಂದು ಗಿರಾಕಿಗೆ ಹೇಳಿ. ಧೂಳು ಒರೆಸಲು ಒಣ ಮೆತ್ತನೆ ಅರಿವೆ ಸಾಕು.

ಬಸ್ಸಿನಲ್ಲಿ ಒಯ್ಯುವಾಗ ಎರಡೆರಡು ಚಿತ್ರ ಮುಖಕ್ಕೆ ಮುಖ ಇಟ್ಟು ನಡುವೆ ಸ್ವಚ್ಛ ಬಿಳಿ ಕಾಗದ ಹಾಕಿ. ಸುದ್ದಿಪತ್ರಿಕೆ ಬೇಡ, ಅದರ ಮಸಿ ಹತ್ತುತ್ತದೆ. ಮೂಲೆಗಳಿಗೆ ರಟ್ಟು ಕಟ್ಟಿ. ಒಂದು ಚಿತ್ರದ ಹಿಂಬದಿಗೆ ಇನ್ನೊಂದರ ಮೂಲೆ ಒತ್ತಿದರೆ ಮುಂದೆ ಉಬ್ಬು ಕಾಣುತ್ತದೆ.

ಮುಂದಿನ ಸಭೆಗೆ: ಪ್ರತಿ ಗುಂಪು ಒಂದು ಚೌಕಟ್ಟು, ಒಂದು ಹಳೇ ಧೋತರದ ತುಂಡು ತರಬೇಕು. ಧೋತರದ ಮೇಲೆ ಸ್ಕೇಲು ಹಿಡಿದು ಪೆನ್ನಿನಿಂದ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದುಕೊಂಡು ಬನ್ನಿ. ಎಳೆದು ಪಿನ್ ಹೊಡೆದ ಮೇಲೆ ಆ ಗೆರೆಗಳು ಎಲ್ಲಿ ಬಾಗಿವೆ ಎಂದು ಎಲ್ಲರೂ ಕೂಡಿ ನೋಡೋಣ. ಮೂರು ಸಲ ಧೋತರದ ಮೇಲೆ ಗೆರೆ ನೆಟ್ಟಗೆ ಬಂದ ಸದಸ್ಯೆಗೆ ಮೊದಲ ಪ್ರಿಂಟ್ ಕೊಡೋಣ.